ದಿನಾ ಜೋರಾಗಿ ಓಡಿದ್ರೆ ತಾನೇ ಮ್ಯಾರಥಾನ್ ಟೈಮ್ ಕಮ್ಮಿ ಆಗೋದು?

ಪ್ರಶ್ನೆ: ನಾನು ಸಾಗರದವನು, ವಯಸ್ಸು 36. ಏಪ್ರಿಲ್ ಕೊನೇಲಿ ನಡಿಯೋ ಲಂಡನ್ ಮ್ಯಾರಥಾನ್‌ಗೆ ಲಾಟರಿಲಿ ಹೆಸರು ಬಂದಿದೆ, 4 ಗಂಟೆ ಒಳಗೆ ಮುಗಿಸ್ಬೇಕು ಅಂತ ಆಸೆ. ವಾರಕ್ಕೆ ಆರು ದಿನ, ದಿನಾ 8 ಕಿ.ಮೀ., ಕಿಲೋಮೀಟರಿಗೆ ಐದೂವರೆ ನಿಮಿಷದ ಲೆಕ್ಕದಲ್ಲಿ ಓಡ್ತಿದೀನಿ. ಎರಡು ತಿಂಗಳಾಯ್ತು, ಟೈಮ್ ಇಳೀತಿಲ್ಲ, ಬೆಳಿಗ್ಗೆ ಏಳೋವಾಗ್ಲೇ ಕಾಲು ಭಾರ. ಇನ್ನೂ ಜೋರಾಗಿ ಓಡ್ಬೇಕಾ? ವಾರದ ಓಟ ಹೇಗೆ ಹಾಕ್ಕೊಳ್ಲಿ?

ಉತ್ತರ: ಬೇಡ, ಇನ್ನೂ ಜೋರು ಬೇಡ. ನಿಮ್ಮ ಓಟ ನಿಧಾನ ಆಗ್ಬೇಕು, ವಾರದ ಕಿಲೋಮೀಟರ್ ಸ್ವಲ್ಪ ಜಾಸ್ತಿ ಆಗ್ಬೇಕು, ಎರಡು ದಿನ ಪೂರ್ತಿ ರೆಸ್ಟ್ ಬೇಕು. ಈ ಪ್ರಶ್ನೆ ನಂಗೆ ಡಿಸೆಂಬರ್ ಬಂತು ಅಂದ್ರೆ ಶುರು, ಅಡಿಕೆ ಕೊಯ್ಲಿನ ಜೊತೆಗೇ ಬರತ್ತೆ ಅನ್ಬಹುದು, ಕೇಳೋರೆಲ್ಲ ತುಂಬಾ ಶ್ರಮ ಪಡೋ ಜನ, ಅದಕ್ಕೇ ಉದ್ದಕ್ಕೆ ಬರೀತಿದೀನಿ.

ಮೊದ್ಲು ನಿಮ್ಮ ಲೆಕ್ಕಾನೇ ನೋಡಣ. 42.195 ಕಿ.ಮೀ.ನ 4 ಗಂಟೆಲಿ ಮುಗಿಸೋಕೆ ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡ್ ಬೇಕು. ಇದೇ ನಿಮ್ಮ ರೇಸ್ ಪೇಸ್, ಅಂದ್ರೆ ರೇಸ್ ದಿನದ ವೇಗ. ನೀವು ದಿನಾ ರೇಸ್ ಪೇಸ್‌ಗಿಂತ ಜೋರಾಗೇ ಓಡ್ತಿದೀರಿ. ಆದ್ರೆ ಆ ಐದೂವರೆ ನಿಮಿಷದ ಓಟ ನಡುವಿನಲ್ಲಿ ಸಿಕ್ಕಾಕಿಕೊಂಡಿದೆ, ಹೃದಯ ಶ್ವಾಸಕೋಶಕ್ಕೆ ಹೊಸ ಪಾಠ ಕಲಿಸೋವಷ್ಟು ಜೋರೂ ಅಲ್ಲ, ಮಾರನೇ ದಿನದೊಳಗೆ ಕಾಲು ಚೇತರಿಸಿಕೊಳ್ಳೋವಷ್ಟು ಹಗುರಾನೂ ಅಲ್ಲ. ಸುಸ್ತಿನ ಮೇಲೆ ಸುಸ್ತು ಕೂತು ಕೂತು ಬೆಳಿಗ್ಗೆ ಕಾಲು ಭಾರ ಅನ್ಸತ್ತೆ.

ನಾನೂ ಮೊದಲ ಸಲ ಹಿಂಗೇ ಮಾಡಿದ್ದೆ. ಶಿವಮೊಗ್ಗದಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ತುಂಗಾ ಸೇತುವೆ ದಾಟಿ ವಾಚ್ ನೋಡ್ಕೊಂಡು ಓಡೋದು, ನಿನ್ನೆಗಿಂತ ಹತ್ತು ಸೆಕೆಂಡ್ ಕಮ್ಮಿ ಬಂದ್ರೆ ದಿನಪೂರ್ತಿ ಖುಷಿ, ಜಾಸ್ತಿ ಆದ್ರೆ ಬೇಜಾರು. ಏಳನೇ ವಾರಕ್ಕೆ ಎಡಗಾಲಿನ ಮುಂದಿನ ಮೂಳೆ, ಪಾದದಿಂದ ಒಂದು ಗೇಣು ಮೇಲೆ, ಬೆರಳಲ್ಲಿ ಒತ್ತಿದ್ರೆ ಕಣ್ಣಲ್ಲಿ ನೀರು ಬರೋ ಹಾಗೆ ನೋವು. ಒಂದೂವರೆ ತಿಂಗಳು ಓಟ ನಿಂತೋಯ್ತು. ಹೃದಯ ಬೇಗ ಗಟ್ಟಿ ಆಗತ್ತೆ, ಮೂಳೆ ಮತ್ತೆ ಸ್ನಾಯುವಿನ ತುದಿಯ ನಾರು ಗಟ್ಟಿ ಆಗೋಕೆ ತಿಂಗಳುಗಟ್ಟಲೆ ಬೇಕು, ಉಸಿರಿಗೆ ಆಗತ್ತೆ ಅಂತ ಕಾಲಿಗೂ ಆಗತ್ತೆ ಅಂದ್ಕೊಳ್ಳೋದೇ ತಪ್ಪು.

ಅದಾದ್ಮೇಲೆ ನಂಗೆ ಓಡೋದು ಕಲಿಸಿದ್ದು ರಿಟೈರ್ ಆಗಿದ್ದ ಒಬ್ರು ಪಿಟಿ ಮೇಷ್ಟ್ರು. ಮೊದಲ ದಿನ ನಾನು ಪಕ್ಕದಲ್ಲಿ ಓಡ್ತಿದ್ರೆ ಅವ್ರು, "ಅಮ್ಮಾ, ಹದಿನೇಳರ ಮಗ್ಗಿ ಹೇಳ್ತಾ ಬಾ, ಜೋರಾಗಿ, ನಂಗೆ ಕೇಳ್ಬೇಕು" ಅಂದ್ರು. ಹದಿನೇಳೊಂದ್ಲೆ ಹದಿನೇಳು, ಹದಿನೇಳೆರಡ್ಲೆ ಮೂವತ್ನಾಲ್ಕು, ಮೂರನೇದಕ್ಕೆ ಬರೋಷ್ಟರಲ್ಲಿ ಏದುಸಿರು. "ನಿಧಾನ ಮಾಡು" ಅಂದ್ರು. "ಮೇಷ್ಟ್ರೇ, ಇದಕ್ಕಿಂತ ನಿಧಾನ ಅಂದ್ರೆ ನಡೆದ ಹಾಗೇ ಆಗತ್ತಲ್ಲ" ಅಂದೆ. "ಆಗ್ಲಿ ಬಿಡು, ಹದಿನೇಳ್ಹತ್ಲೆ ನೂರೆಪ್ಪತ್ತು ಅಂತ ಒಂದೇ ಸಮ ಹೇಳೋಕೆ ಬಂದ್ರೆ ಅದು ಈಸಿ ರನ್, ಬರ್ಲಿಲ್ಲ ಅಂದ್ರೆ ಅಲ್ಲ" ಅಂದ್ರು. ಅವತ್ತು ಕಿಲೋಮೀಟರಿಗೆ ಏಳು ನಿಮಿಷದ ಮೇಲೇ ಆಗಿತ್ತು. ಇವತ್ತಿಗೂ ನಂಗೆ ಹಾರ್ಟ್ ರೇಟ್ ತೋರಿಸೋ ಯಾವ ವಾಚಿಗಿಂತ ಆ ಮಗ್ಗಿ ಮೇಲೇ ನಂಬಿಕೆ. ಅದ್ರಲ್ಲೂ ನಮ್ಮ ಮಲೆನಾಡಿನ ಏರು ಇಳುಕಲು ರಸ್ತೆಲಿ ವಾಚಿನ ಪೇಸ್ ಹಿಡ್ಕೊಂಡು ಓಡಿದ್ರೆ ಪ್ರತಿ ಏರಲ್ಲೂ ಗೊತ್ತಿಲ್ದೇ ರೇಸ್ ಓಡಿರ್ತೀರಿ. ಏರಲ್ಲಿ ಮಗ್ಗಿ ನಿಂತ್ರೆ ನಡೀರಿ, ಏನೂ ಆಗಲ್ಲ.

ನಿಧಾನ ಓಡಿದ್ರೆ ಒಳಗೆ ಎಂತ ಆಗತ್ತೆ ಅಂತ ಕೇಳ್ತೀರಿ. ಓಟಕ್ಕೆ ಸುಮಾರಾಗಿ ಒಂದು ಕೆಜಿ ತೂಕಕ್ಕೆ ಕಿಲೋಮೀಟರಿಗೆ ಒಂದು ಕ್ಯಾಲೊರಿ ಖರ್ಚು. 65 ಕೆಜಿ ಇರೋರಿಗೆ ಪೂರ್ತಿ ಮ್ಯಾರಥಾನ್‌ಗೆ 2700ರ ಹತ್ರ ಬೇಕು. ಸ್ನಾಯು ಮತ್ತೆ ಲಿವರ್‌ನಲ್ಲಿ ಗ್ಲೈಕೋಜನ್ ರೂಪದಲ್ಲಿ ಇರೋ ಸಕ್ಕರೆ ದಾಸ್ತಾನು ಸುಮಾರು 2000 ಕ್ಯಾಲೊರಿ. ಅದೊಂದನ್ನೇ ನೆಚ್ಚಿಕೊಂಡ್ರೆ 30 ಕಿ.ಮೀ. ಆಸುಪಾಸಲ್ಲಿ ಖಾಲಿ, ಗೋಡೆಗೆ ಗುದ್ದಿದ ಹಾಗೆ ಆಗತ್ತೆ ಅಂತಾರಲ್ಲ, ಅದು ಇದೇ. ಆದ್ರೆ ಎಷ್ಟೇ ತೆಳ್ಳಗಿರೋರ ಮೈಯಲ್ಲೂ ಕೊಬ್ಬು ಹತ್ತಾರು ಸಾವಿರ ಕ್ಯಾಲೊರಿಯಷ್ಟು ಇರತ್ತೆ. ನಿಧಾನವಾಗಿ ತುಂಬಾ ಹೊತ್ತು ಓಡಿದಷ್ಟೂ ಸ್ನಾಯುವಿಗೆ ಆ ಕೊಬ್ಬು ಉರಿಸೋ ಅಭ್ಯಾಸ ಆಗತ್ತೆ, ಜೀವಕೋಶದಲ್ಲಿ ಶಕ್ತಿ ತಯಾರಿಸೋ ಮೈಟೋಕಾಂಡ್ರಿಯಾ ಜಾಸ್ತಿ ಆಗತ್ತೆ, ಸ್ನಾಯುವಿನ ಸುತ್ತ ಸಣ್ಣ ರಕ್ತನಾಳ ಹೊಸದಾಗಿ ಹುಟ್ಟತ್ತೆ. ಜೋರು ಓಡಿದ್ರೂ ಇವು ಆಗತ್ತೆ, ಆದ್ರೆ ಜೋರಾಗಿ ಎಷ್ಟು ಹೊತ್ತು ಓಡಕ್ಕಾಗತ್ತೆ ಹೇಳಿ?

ಇದು ಹೊಸ ವಿಷ್ಯ ಅಲ್ಲ. ನ್ಯೂಜಿಲೆಂಡಿನ ಕೋಚ್ ಆರ್ಥರ್ ಲಿಡಿಯಾರ್ಡ್ ತನ್ನ ಹುಡುಗರನ್ನ ಭಾನುವಾರ 35 ಕಿ.ಮೀ. ಗುಡ್ಡದ ರಸ್ತೆಲಿ ಓಡಿಸ್ತಿದ್ರು, ಆ ಗುಂಪಲ್ಲಿ ಪೀಟರ್ ಸ್ನೆಲ್ ಇದ್ರು. ಸ್ನೆಲ್ ಓಡ್ತಿದ್ದಿದ್ದು 800 ಮೀಟರ್, ಒಂದು ಮೈಲಿಯಂಥ ಚಿಕ್ಕ ರೇಸು, 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 800 ಮೀಟರಿಗೆ ಚಿನ್ನ ಗೆದ್ರು. ಎರಡು ನಿಮಿಷದೊಳಗೆ ಮುಗಿಯೋ ರೇಸಿಗೇ ಅಷ್ಟು ಉದ್ದದ ಓಟ ಬೇಕಾಗಿದ್ರೆ ನಿಮ್ಮ 4 ಗಂಟೆಗೆ ಬೇಡ್ವಾ!

ಈಗ ವಾರ. ಸೋಮವಾರ ರೆಸ್ಟ್, ತೋಟದ ಕೆಲಸ ಇದ್ರೆ ಅದೂ ಹಗುರದ್ದೇ ಇರ್ಲಿ, ಅಡಿಕೆ ಮೂಟೆ ಹೊತ್ರೆ ಅದು ರೆಸ್ಟ್ ಅಲ್ಲ ಮಾರಾಯ್ರೆ. ಮಂಗಳವಾರ 8 ಕಿ.ಮೀ. ಮಗ್ಗಿ ಹೇಳ್ಕೊಂಡು, ನಿಮಗೆ ಆರೂವರೆಯಿಂದ ಏಳು ನಿಮಿಷದ ಪೇಸ್ ಆಗ್ಬಹುದು.

ಬುಧವಾರ ಒಂದೇ ದಿನ ಜೋರು. 2 ಕಿ.ಮೀ. ಹಗುರ ಓಡಿ ಮೈ ಬಿಸಿ ಮಾಡ್ಕೊಳ್ಳಿ, ಆಮೇಲೆ 2 ಕಿ.ಮೀ. ತರ ಮೂರು ಸಲ, ಕಿಲೋಮೀಟರಿಗೆ 5:15ರಿಂದ 5:20, ನಡುವೆ ಮೂರು ನಿಮಿಷ ಕುಂಟುನಡಿಗೆಯಷ್ಟು ನಿಧಾನದ ಓಟ, ಕೊನೆಗೆ ಮತ್ತೆ 2 ಕಿ.ಮೀ. ಹಗುರ. ನಾವು ಇದನ್ನ ನೆಹರೂ ಸ್ಟೇಡಿಯಂನಲ್ಲಿ ಮಾಡ್ತೀವಿ, ನಿಮಗೆ ಸಪಾಟಾದ ರಸ್ತೆ ಒಂದು ಸಿಕ್ರೆ ಸಾಕು. ಇದ್ರಲ್ಲಿ ಮೂರನೇ ಸಲದ್ದು ಮೊದಲನೇದಕ್ಕಿಂತ ನಿಧಾನ ಆಗ್ಬಾರ್ದು, ಹಾಗೇನಾದ್ರೂ ಆಯ್ತು ಅಂದ್ರೆ ಮೊದಲನೇದು ಆಸೆಪಟ್ಟು ಜೋರಾಯ್ತು ಅಂತ ಅರ್ಥ. ವಾರ ಬಿಟ್ಟು ವಾರ ಇದರ ಬದ್ಲು 8 ಕಿ.ಮೀ. ಒಂದೇ ಸಮ ರೇಸ್ ಪೇಸ್‌ನಲ್ಲಿ, ಅದೇ 5:41.

ಗುರುವಾರ ಮತ್ತೆ 8 ಹಗುರ, ಮನೆಗೆ ಬಂದು ಹತ್ತು ನಿಮಿಷ ಮೆಟ್ಟಿಲ ಅಂಚಲ್ಲಿ ನಿಂತು ಹಿಮ್ಮಡಿ ಏರಿಸಿ ಇಳಿಸೋದು, ಬಸ್ಕಿ. ಶುಕ್ರವಾರ ರೆಸ್ಟ್. ಶನಿವಾರ 5.

ಭಾನುವಾರ ಲಾಂಗ್ ರನ್. ನಮ್ಮ ಗುಂಪು ಕತ್ತಲಲ್ಲೇ ಹೊರಟು ತೀರ್ಥಹಳ್ಳಿ ರಸ್ತೆ ಹಿಡಿಯತ್ತೆ, ಎಡಗಡೆಗೆ ಮಂಜಿನ ಒಳಗೆ ತುಂಗೆ ಇದಾಳೆ ಅಂತ ತಂಪಲ್ಲೇ ಗೊತ್ತಾಗತ್ತೆ. ಸಕ್ರೆಬೈಲು ಆನೆ ಬಿಡಾರದ ತನಕ ಸುಮಾರು 14, ಹೋಗಿ ಬಂದ್ರೆ 28. ನೀವು 18ರಿಂದ ಶುರು ಮಾಡಿ, ವಾರಕ್ಕೆ ಎರಡು ಕಿಲೋಮೀಟರ್ ಏರಿಸಿ, ನಾಲ್ಕನೇ ವಾರ ಇಳಿಸಿ ಮೈಗೆ ಉಸಿರಾಡಕ್ಕೆ ಬಿಡಿ. ಸಾಗರದಿಂದ ಜೋಗಕ್ಕೆ ಸುಮಾರು 30 ಕಿ.ಮೀ., ನಿಮ್ಮ ಅತಿ ಉದ್ದದ ಭಾನುವಾರ ಅಷ್ಟೇ ಇರ್ಲಿ, ರೇಸಿಗೆ ಮೂರು ವಾರ ಮುಂಚೆ, ಹೋಗೋದು ಓಡ್ಕೊಂಡು ಬರೋದು ಬಸ್ಸಲ್ಲಿ. 42 ಪೂರ್ತಿ ಒಂದ್ಸಲ ಓಡಿ ನೋಡ್ತೀನಿ ಅಂತ ಹಠ ಮಾಡ್ಬೇಡಿ, ಅದರಿಂದ ಸಿಗೋ ಲಾಭಕ್ಕಿಂತ ಚೇತರಿಕೆಗೆ ಹೋಗೋ ದಿನ ಜಾಸ್ತಿ. ಆ ಜೋಗದ ಓಟ ಆದ್ಮೇಲೆ ಮೂರು ವಾರವೂ ಕಿಲೋಮೀಟರ್ ಇಳಿಸ್ತಾ ಬನ್ನಿ, ಬುಧವಾರದ ಜೋರು ಮಾತ್ರ ಸ್ವಲ್ಪ ಉಳೀಲಿ.

ಲಾಂಗ್ ರನ್‌ನಲ್ಲೇ ತಿನ್ನೋದೂ ಕಲೀಬೇಕು. ಮೊದಲ 40 ನಿಮಿಷ ಆದ್ಮೇಲೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗ್ಬೇಕು. ಓಟಗಾರರು ತಿನ್ನೋ ಸಕ್ಕರೆಯ ಜೆಲ್ ಪ್ಯಾಕೆಟ್ಟೇ ಬೇಕು ಅಂತೇನಿಲ್ಲ, ನಾನು ಅಚ್ಚು ಬೆಲ್ಲ ಕುಟ್ಟಿ ಸಣ್ಣ ಡಬ್ಬಿಲಿ ಒಯ್ತೀನಿ, ಜೊತೆಗೆ ಎರಡು ಪುಟ್ಟಬಾಳೆ, ಬಾಟ್ಲಲ್ಲಿ ಉಪ್ಪು ಬೆಲ್ಲ ಹಾಕಿದ ಮುರುಗಲು ನೀರು. ಓಟ ಮುಗಿಸಿ ಟೀ ಶರ್ಟ್ ಬಿಚ್ಚಿ ನೋಡಿ, ಬೆನ್ನ ಮೇಲೆ ಬೆಳ್ಳಗೆ ಉಪ್ಪಿನ ಗೆರೆ ಕೂತಿದ್ರೆ ಮುಂದಿನ ವಾರ ಬಾಟ್ಲಿಗೆ ಇನ್ನೊಂದು ಚಿಟಿಕೆ ಉಪ್ಪು ಜಾಸ್ತಿ ಹಾಕಿ. ಲಂಡನ್‌ಗೆ ಏನು ಒಯ್ತೀರೋ ಅದನ್ನೇ ಇಲ್ಲಿ ತಿಂದು ಅಭ್ಯಾಸ ಆಗಿರ್ಲಿ.

ಎರಡು ವಿಷ್ಯ ನಮ್ಮೂರಿಗೇ ಸಂಬಂಧಪಟ್ಟಿದ್ದು. ಒಂದು ಬಿಸಿಲು. ಮಾರ್ಚ್‌ಗೆ ಇಲ್ಲಿ ಸೆಕೆ ಏರತ್ತೆ, ಅದೇ ಶ್ರಮಕ್ಕೆ ಪೇಸ್ ಕಿಲೋಮೀಟರಿಗೆ 15-20 ಸೆಕೆಂಡ್ ನಿಧಾನ ಆದ್ರೆ ಅದು ಸಹಜ, ರಕ್ತ ಕಾಲಿಗಷ್ಟೇ ಅಲ್ಲ ಚರ್ಮಕ್ಕೂ ಹೋಗ್ಬೇಕಾಗತ್ತೆ, ಮೈ ತಂಪು ಮಾಡೋಕೆ. ಆ ಸೆಕೆಲಿ ಮಾಡಿದ ಅಭ್ಯಾಸ ನಿಮಗೆ ಒಳ್ಳೇದೇ ಮಾಡತ್ತೆ, ಲಂಡನ್‌ನಲ್ಲೂ 2018ರಲ್ಲಿ 24 ಡಿಗ್ರಿ ದಾಟಿತ್ತು.

ಇನ್ನೊಂದು ಇದಕ್ಕಿಂತ ಮುಖ್ಯ, ದಯವಿಟ್ಟು ಗಮನ ಕೊಡಿ. ನೀವು ಓಡೋ ತಿಂಗಳುಗಳೇ ಮಂಗನ ಕಾಯಿಲೆ ತಿಂಗಳುಗಳು, ಡಿಸೆಂಬರ್‌ನಿಂದ ಮೇ ತನಕ. 1957ರಲ್ಲಿ ಅದು ಮೊದಲು ಪತ್ತೆ ಆಗಿದ್ದು ನಿಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲೇ. ಕಾಡಿನ ಕಾಲುದಾರಿ ಮೆತ್ತಗಿರತ್ತೆ, ಮಂಡಿಗೆ ಒಳ್ಳೇದು ಅಂತ ಒಳಗೆ ನುಗ್ಬೇಡಿ, ಒಣಗಿದ ಎಲೆಯಲ್ಲಿ ಆ ಕಾಯಿಲೆ ಹರಡೋ ಉಣುಗು ಇರತ್ತೆ. ಮಂಗ ಸತ್ತ ಸುದ್ದಿ ಬಂದ ಕಡೆ ಅಂತೂ ಕಾಲೇ ಇಡ್ಬೇಡಿ. ಡಾಂಬರು ರಸ್ತೆ ಮೇಲೇ ಇರಿ, ಕಾಡಂಚು ಅನಿವಾರ್ಯ ಆದ್ರೆ ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವ್ರು ಕೊಡೋ ಡೇಪಾ ಎಣ್ಣೆ ಹಚ್ಚಿ ಉದ್ದ ಕಾಲುಚೀಲ ಹಾಕಿ, ಮನೆಗೆ ಬಂದ ತಕ್ಷಣ ಬಿಸಿ ನೀರಲ್ಲಿ ಸೋಪು ಹಾಕಿ ಸ್ನಾನ, ಬಟ್ಟೆನೂ ಬಿಸಿ ನೀರಿಗೆ. ಜ್ವರ ಬಂದ್ರೆ ಓಟದ ಸುಸ್ತು ಅಂತ ಕೂರ್ದೆ ಅವತ್ತೇ ಡಾಕ್ಟರ್ ಹತ್ರ ಹೋಗಿ.

ಮೊದಲ ಮೂರು ವಾರ ನಿಮಗೆ ಹಿಂದೆ ಬಿದ್ದ ಹಾಗೆ ಅನ್ಸತ್ತೆ, ಜೊತೆ ಓಡೋರು ಮುಂದೆ ಹೋಗ್ತಿದ್ರೆ ಕಾಲು ಕೇಳಲ್ಲ, ತಡ್ಕೊಳ್ಳಿ. ನಾಲ್ಕನೇ ವಾರದ ಮಂಗಳವಾರ ಅದೇ ರಸ್ತೆಲಿ ಅದೇ ಮಗ್ಗಿ ಹೇಳ್ಕೊಂಡು ಹೋದಾಗ ವಾಚ್ ನೋಡಿ, ಅಲ್ಲಿ ತನಕ ಬೇಡ.

ಲಂಡನ್‌ನಲ್ಲಿ ಟವರ್ ಬ್ರಿಡ್ಜ್ ಬರೋದು 20 ಕಿ.ಮೀ. ಆಸುಪಾಸಲ್ಲಿ, ಅರ್ಧ ದಾರಿಗಿಂತ ಸ್ವಲ್ಪ ಮುಂಚೆ. ಎರಡೂ ಕಡೆ ಜನ ಕೂಗ್ತಿರ್ತಾರೆ, ಅಲ್ಲಿ ಎಲ್ಲರಿಗೂ ಪೇಸ್ ಏರತ್ತೆ. ಆ ಸೇತುವೆ ಮೇಲೆ ಹದಿನೇಳರ ಮಗ್ಗಿ ಶುರು ಮಾಡಿ. ರೇಸ್ ಪೇಸ್ ಅಲ್ವಾ, ಪೂರ್ತಿ ಬರಲ್ಲ, ಆದ್ರೆ ಎರಡು ಸಾಲು ಒಂದೇ ಉಸಿರಲ್ಲಿ ಬರ್ಬೇಕು. ಬರ್ಲಿಲ್ಲ ಅಂದ್ರೆ ಅಲ್ಲೇ ಕಿಲೋಮೀಟರಿಗೆ ಹತ್ತು ಸೆಕೆಂಡ್ ನಿಧಾನ ಮಾಡಿ, ಇನ್ನೂ 22 ಕಿ.ಮೀ. ಇದೆ.