ಮೊದಲು ಸಾಯಬೇಕಾದ ಭಾಗ

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ನಮ್ಮ ಬಚ್ಚಲುಮನೆಯ ನಳ ನನ್ನ ಕೈಗೇ ಬಂತು. ತಿರುಗಿಸುವ ಹಿಡಿಯಲ್ಲ, ಇಡೀ ನಳವೇ. ಅದರ ತಿರುಪಿನ ತುಂಡು ಗೋಡೆಯೊಳಗಿನ ಎಲ್ಬೋದಲ್ಲಿ, ಅಂದರೆ ಪೈಪು ತಿರುಗುವ ಮೂಲೆಯ ಜೋಡಣೆಯಲ್ಲಿ, ಸಿಕ್ಕಿಕೊಂಡು ಉಳಿಯಿತು. ಟ್ಯಾಂಕಿನ ನೀರು ಎದುರುಗೋಡೆಗೆ ಬಡಿಯತೊಡಗಿತು. ಮಾಳಿಗೆಗೆ ಓಡಿ ವಾಲ್ವ್ ಮುಚ್ಚಲು ನೋಡಿದರೆ ಅದು ಮಿಸುಕಲಿಲ್ಲ. ಎಷ್ಟೋ ವರ್ಷಗಳಿಂದ ಯಾರೂ ಮುಟ್ಟದೆ ಸುಣ್ಣ ಹಿಡಿದು ಬಿಗಿದುಹೋಗಿತ್ತು. ಕೊಪ್ಪಳದ ಬೇಸಿಗೆಯಲ್ಲಿ ಸಾವಿರ ಲೀಟರ್ ನೀರು ಮೋರಿ ಸೇರುವುದನ್ನು ನೋಡುತ್ತ ನಿಲ್ಲುವುದು ಎಂಥ ಸಂಕಟವೆಂದು ಈ ಸೀಮೆಯವರಿಗೆ ವಿವರಿಸಬೇಕಾಗಿಲ್ಲ.

ಆ ನಳಕ್ಕೆ ಇನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. ಹಿತ್ತಲಿನಲ್ಲಿ ಅಪ್ಪ ಹಾಕಿಸಿದ ಹಿತ್ತಾಳೆ ನಳಕ್ಕೆ ನಲವತ್ತು ದಾಟಿದೆ; ಎಮ್ಮೆಗೆ ನೀರು ಹಿಡಿದದ್ದು, ಪಾತ್ರೆ ತೊಳೆದದ್ದು, ಮಕ್ಕಳು ಜೋತುಬಿದ್ದದ್ದು ಎಲ್ಲವನ್ನೂ ಅದು ತಾಳಿಕೊಂಡಿದೆ. "ಹಿಂದಿನ ಕಾಲದ ಸಾಮಾನೇ ಬೇರೆ" ಎಂದು ನಿಟ್ಟುಸಿರು ಬಿಟ್ಟು ಸುಮ್ಮನಾಗಬಹುದಿತ್ತು. ಆದರೆ ಪ್ಲಂಬರ್ ಬಂದವರು ಮುರಿದ ನಳವನ್ನು ಬೆಳಕಿಗೆ ಹಿಡಿದು, "ಇದು ಹಿತ್ತಾಳೆಯಲ್ಲ ಅಕ್ಕ, ಮುರಿದ ಕಡೆ ನೋಡಿ" ಎಂದರು. ಹೊಳೆಯುವ ಕ್ರೋಮ್ ಹೊದಿಕೆಯ ಒಳಗೆ ಬೂದುಬಣ್ಣ. ಕಲ್ಲುಸಕ್ಕರೆ ಒಡೆದಂತೆ ಹರಳುಹರಳು. ಹಿತ್ತಾಳೆಯಾಗಿದ್ದರೆ ಮುರಿದ ಮುಖ ಹಳದಿಯಾಗಿರಬೇಕಿತ್ತು.

ಅದನ್ನು ಅಳೆದೇ ನೋಡಬೇಕೆನಿಸಿತು. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ನೀರಿನ ಪಾತ್ರೆಯಿಟ್ಟು ತೂಕವನ್ನು ಸೊನ್ನೆಗೆ ತಂದೆ. ಪ್ಲಾಸ್ಟಿಕ್ ಮತ್ತು ರಬ್ಬರ್ ಬಿಚ್ಚಿದ ನಳದ ಲೋಹವನ್ನು ದಾರಕ್ಕೆ ಕಟ್ಟಿ, ತಳಕ್ಕೆ ತಾಗದಂತೆ ನೀರಿನಲ್ಲಿ ಮುಳುಗಿಸಿದೆ. ಆಗ ತಕ್ಕಡಿ ತೋರಿಸುವುದು ಲೋಹ ಪಕ್ಕಕ್ಕೆ ಸರಿಸಿದ ನೀರಿನ ತೂಕವನ್ನು. ಅಂದರೆ ಲೋಹದ ಗಾತ್ರವನ್ನು. ಆರ್ಕಿಮಿಡೀಸನ ತತ್ವವನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದವರು ಇದನ್ನು ಒಮ್ಮೆಯಾದರೂ ಕೈಯಾರೆ ಮಾಡಿ ನೋಡಬೇಕು, ಅಷ್ಟು ಸೊಗಸಾದ ಪ್ರಯೋಗ. ಮುರಿದ ನಳ 320 ಗ್ರಾಂ ತೂಗಿತು, 48 ಗ್ರಾಂ ನೀರನ್ನು ಸರಿಸಿತು. ಭಾಗಿಸಿದರೆ ನೀರಿಗಿಂತ 6.7 ಪಟ್ಟು ಭಾರ. ಅಟ್ಟದ ಡಬ್ಬಿಯಲ್ಲಿದ್ದ ಅಪ್ಪನ ಕಾಲದ ಇನ್ನೊಂದು ನಳ 610 ಗ್ರಾಂ ತೂಗಿತು, 72 ಗ್ರಾಂ ನೀರನ್ನು ಸರಿಸಿತು. ಅದು 8.5 ಪಟ್ಟು. ಹಿತ್ತಾಳೆಯ ಸಾಂದ್ರತೆ 8.4ರಿಂದ 8.7ರ ನಡುವೆ ಇರುತ್ತದೆ. 6.7ರ ಆಸುಪಾಸಿನದು ಸತುವಿನ ಅಚ್ಚುಲೋಹ.

ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ಅದರಲ್ಲಿ ದುಬಾರಿ ಭಾಗ ತಾಮ್ರ. 2002ರ ಸುಮಾರಿಗೆ ಜಾಗತಿಕ ಮಾರುಕಟ್ಟೆಯಲ್ಲಿ ಟನ್ನಿಗೆ 1,600 ಡಾಲರ್ ಆಸುಪಾಸಿನಲ್ಲಿದ್ದ ತಾಮ್ರ 2024ರ ಮೇ ತಿಂಗಳಲ್ಲಿ 10,000 ಡಾಲರ್ ದಾಟಿತು. ತಯಾರಕರ ಮುಂದೆ ಇದ್ದದ್ದು ಎರಡೇ ದಾರಿ: ಗೋಡೆ ತೆಳ್ಳಗೆ ಮಾಡುವುದು, ಇಲ್ಲವೇ ಲೋಹವನ್ನೇ ಬದಲಿಸುವುದು. ಹಿತ್ತಾಳೆ ಕರಗಲು 900 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಶಾಖ ಬೇಕು. ಸತುವಿಗೆ ನೂರಕ್ಕೆ ಸುಮಾರು 4 ಪಾಲು ಅಲ್ಯೂಮಿನಿಯಂ ಬೆರೆಸಿದ ಲೋಹ 400 ಡಿಗ್ರಿಯೊಳಗೇ ಕರಗಿ, ಉಕ್ಕಿನ ಅಚ್ಚಿನೊಳಗೆ ನೀರಿನಂತೆ ಹರಿಯುತ್ತದೆ. ಒಂದೇ ಅಚ್ಚಿನಿಂದ ಲಕ್ಷಾಂತರ ತುಂಡುಗಳು ನುಣುಪಾಗಿ ಇಳಿಯುತ್ತವೆ.

ಈ ಲೋಹ ಹುಟ್ಟಿನಿಂದಲೇ ಕೆಟ್ಟದ್ದಲ್ಲ. ಬಾಗಿಲ ಹಿಡಿಗೆ, ಆಟಿಕೆ ಕಾರಿಗೆ ಬಹಳ ಒಳ್ಳೆಯದು. ಆದರೆ ಅದಕ್ಕೊಂದು ರೋಗವಿದೆ. ಬೆರಕೆಯಲ್ಲಿ ಲಕ್ಷಕ್ಕೆ ಐದಾರು ಪಾಲು ಸೀಸ ಸೇರಿಕೊಂಡರೂ ಸಾಕು, ಶಾಖ ಮತ್ತು ತೇವ ಸಿಕ್ಕಿದಾಗ ಹರಳುಗಳ ಸಂದುಗಳಲ್ಲೇ ಲೋಹ ಕೊಳೆಯುತ್ತ ಹೋಗುತ್ತದೆ. ಉಬ್ಬುತ್ತದೆ, ಬಿರಿಯುತ್ತದೆ, ಕೊನೆಗೆ ಪುಡಿಯಾಗುತ್ತದೆ. 1920ರ ದಶಕದಲ್ಲಿ ಇದರ ಕಾರಣ ತಿಳಿದ ಮೇಲೆ, 1929ರಲ್ಲಿ ಅಮೆರಿಕದ ನ್ಯೂಜೆರ್ಸಿ ಜಿಂಕ್ ಕಂಪನಿಯವರು ನೂರಕ್ಕೆ 99.99 ಶುದ್ಧವಾದ ಸತುವಿನಿಂದಲೇ ಅಚ್ಚುಲೋಹ ತಯಾರಿಸಿ ಅದಕ್ಕೆ ಜಾಮಾಕ್ ಎಂಬ ಹೆಸರಿಟ್ಟರು. ಮದ್ದು ಗೊತ್ತಾಗಿ ತೊಂಬತ್ತು ವರ್ಷ ದಾಟಿದೆ. ಗುಜರಿಯಲ್ಲಿ ಸಿಕ್ಕ ಲೋಹಗಳನ್ನೆಲ್ಲ ಒಂದೇ ಕುಲುಮೆಗೆ ಸುರಿದು ಎರಕ ಹೊಯ್ದಾಗ ಆ ಮದ್ದು ವ್ಯರ್ಥವಾಗುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ನಳ ಮುರಿದ ಜಾಗ. ಹಿಡಿಯ ಬಳಿಯಲ್ಲ, ಬಾಯಿಯ ಬಳಿಯಲ್ಲ. ಕರಾರುವಾಕ್ಕಾಗಿ ಎಲ್ಬೋದೊಳಗೆ ಸೇರುವ ತಿರುಪಿನಲ್ಲಿ. ಈಗಿನ ಪ್ಲಾಸ್ಟಿಕ್ ಪೈಪುಗಳ ಎಲ್ಬೋದಲ್ಲಿ ನಳ ಕೂರುವ ಕಡೆ ಹಿತ್ತಾಳೆಯ ಬಳೆಯಿರುತ್ತದೆ. ಎರಡು ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡು ಉಪ್ಪಿನಂಶದ ನೀರಿನಲ್ಲಿ ನೆನೆದರೆ ಅದೊಂದು ಬ್ಯಾಟರಿ. ಟಾರ್ಚಿನ ಶೆಲ್ಲಿನಲ್ಲಿ ನಡೆಯುವುದೂ ಇಂಥದೇ ಕೆಲಸ. ಇಬ್ಬರಲ್ಲಿ ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಡುವ ಲೋಹ ಕರಗುತ್ತದೆ, ಇನ್ನೊಂದು ಉಳಿಯುತ್ತದೆ. ಸತು ಮತ್ತು ಹಿತ್ತಾಳೆಯ ಜೋಡಿಯಲ್ಲಿ ಕರಗುವುದು ಯಾವಾಗಲೂ ಸತು. ನಮ್ಮ ಬೋರ್‌ವೆಲ್ಲಿನ ಸೌಳು ನೀರಿನಲ್ಲಿ ಲವಣ ಹೇರಳವಾಗಿರುವುದರಿಂದ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ. ಸುಮಾರು ನಾಲ್ಕು ವರ್ಷ ಪ್ರತಿದಿನ, ನಾವು ಮಲಗಿದ್ದಾಗಲೂ, ನನ್ನ ನಳ ಇಪ್ಪತ್ತೈದು ರೂಪಾಯಿಯ ಎಲ್ಬೋವನ್ನು ಕಾಪಾಡಲು ತನ್ನ ಕುತ್ತಿಗೆಯನ್ನು ಸವೆಸಿಕೊಂಡಿತ್ತು!

ಇಲ್ಲಿಂದ ಮುಂದೆ ನಾನು ಮನೆಯ ಸಾಮಾನುಗಳನ್ನು ನೋಡುವ ಬಗೆಯೇ ಬದಲಾಯಿತು. ಏನೇ ಮಾಡಿದರೂ ಏನೋ ಒಂದು ಸವೆದೇ ಸವೆಯುತ್ತದೆ. ಯಾವುದು ಮೊದಲು ಸವೆಯಬೇಕು, ಅದನ್ನು ಎಷ್ಟು ಸುಲಭವಾಗಿ ಬದಲಿಸಬಹುದು ಎಂಬುದನ್ನು ತಯಾರಿಸಿದವರು ಯೋಚಿಸಿದ್ದಾರೆಯೇ ಎಂಬುದೇ ಪ್ರಶ್ನೆ.

ಅಪ್ಪನ ನಳದಲ್ಲಿ ಯೋಚಿಸಿದ್ದರು. 1845ರಲ್ಲಿ ಇಂಗ್ಲೆಂಡಿನ ರಾದರ್‌ಹ್ಯಾಮ್ ಊರಿನಲ್ಲಿ ಪೇಟೆಂಟ್ ಆದ ತಿರುಪಿನ ನಳದ ವಂಶದ್ದು ಅದು. ಹಿಡಿ ತಿರುಗಿಸಿದರೆ ಒಳಗಿನ ದಂಡ ಕೆಳಗಿಳಿದು, ಅದರ ತುದಿಯಲ್ಲಿರುವ ಒಂದು ಬಿಲ್ಲೆಯಷ್ಟು ವಾಷರನ್ನು ಹಿತ್ತಾಳೆಯ ತುಟಿಯ ಮೇಲೆ ಒತ್ತುತ್ತದೆ. ಪ್ರತಿ ಸಲ ಮುಚ್ಚಿದಾಗಲೂ ವಾಷರ್ ಒಂದಿಷ್ಟು ಸಾಯುತ್ತದೆ, ಹಿತ್ತಾಳೆ ಬದುಕುತ್ತದೆ. ವಾಷರ್ ಸವೆದಾಗ ನಳ ತೊಟ್ಟಿಕ್ಕಿ ತಾನೇ ತಿಳಿಸುತ್ತದೆ. ಸೆಕೆಂಡಿಗೊಂದು ಹನಿಯೆಂದರೆ ದಿನಕ್ಕೆ 86,400 ಹನಿ. ಒಂದು ಮಿಲಿಲೀಟರಿಗೆ ಇಪ್ಪತ್ತು ಹನಿಯ ಲೆಕ್ಕದಲ್ಲಿ ನಾಲ್ಕು ಲೀಟರಿಗೂ ಹೆಚ್ಚು. ಅಪ್ಪ ಆ ಸದ್ದು ಕೇಳಿದ ವಾರದೊಳಗೆ ಹಳೆಯ ಸೈಕಲ್ ಟ್ಯೂಬಿನಿಂದ ವಾಷರ್ ಕತ್ತರಿಸಿ ಹಾಕುತ್ತಿದ್ದರು. ಆ ನಳ ನಲವತ್ತು ವರ್ಷ ಬಾಳಿದೆ ಎನ್ನುವಾಗ ನಾವು ಮರೆಯುವುದು, ಅದರೊಳಗೆ ಎಷ್ಟು ವಾಷರುಗಳು ಸತ್ತಿವೆ ಎಂಬುದನ್ನು.

ಈಗಿನ ಕಾಲುಸುತ್ತಿನ ನಳದಲ್ಲಿ ವಾಷರಿನ ಬದಲು ಎರಡು ಸೆರಾಮಿಕ್ ಬಿಲ್ಲೆಗಳಿರುತ್ತವೆ, ಅಲ್ಯೂಮಿನಾ ಎಂಬ ವಸ್ತುವಿನವು. ಗಡಸುತನದ ಮೋಹ್ಸ್ ಶ್ರೇಣಿಯಲ್ಲಿ ವಜ್ರಕ್ಕೆ 10, ಇದಕ್ಕೆ 9. ಒಂದರ ಮೇಲೊಂದು ಜಾರುವಾಗ ನೀರೂ ನುಸುಳದಷ್ಟು ಸಮತಟ್ಟಾಗಿ ಉಜ್ಜಿರುತ್ತಾರೆ. ನಿಜಕ್ಕೂ ಅದ್ಭುತವಾದ ವಿನ್ಯಾಸ. ಶುದ್ಧ ನೀರು ಸಿಕ್ಕರೆ ಲಕ್ಷಾಂತರ ಸಲ ತೆರೆದು ಮುಚ್ಚಿದರೂ ಸವೆಯದು. ನಮ್ಮಲ್ಲಿ ಬೋರ್‌ವೆಲ್ಲಿನ ನುಣ್ಣನೆಯ ಮರಳು ಆ ಬಿಲ್ಲೆಗಳ ನಡುವೆ ಸಿಕ್ಕಿಕೊಳ್ಳುತ್ತದೆ, ಅಂಚಿನಲ್ಲಿ ಸುಣ್ಣ ಕಟ್ಟುತ್ತದೆ. ಹಿಡಿ ಬಿಗಿಯಾಗುತ್ತದೆ. ನಾವು ಜೋರಾಗಿ ತಿರುಗಿಸುತ್ತೇವೆ. ಬಿಲ್ಲೆಯೋ, ಅದರ ಕೆಳಗಿನ ರಬ್ಬರ್ ಉಂಗುರವೋ ಒಡೆಯುತ್ತದೆ. ಆಗ ಇಡೀ ಕಾರ್ಟ್ರಿಜ್, ಅಂದರೆ ಬಿಲ್ಲೆಗಳನ್ನು ಕೂರಿಸಿದ ಒಳಗಿನ ಬಿಡಿಭಾಗವನ್ನೇ, ಬದಲಿಸಬೇಕು. ಅದರ ಉದ್ದ, ದಂಡದ ಮೇಲಿನ ಹಲ್ಲುಗಳ ಎಣಿಕೆ ಒಂದೊಂದು ಕಂಪನಿಗೆ ಒಂದೊಂದು. ಜವಾಹರ ರಸ್ತೆಯ ಮೂರು ಅಂಗಡಿ ತಿರುಗಿದರೂ ನನ್ನ ಅಡುಗೆಮನೆಯ ನಳಕ್ಕೆ ಹೊಂದುವುದು ಸಿಗಲಿಲ್ಲ. "ಹೊಸ ನಳವನ್ನೇ ಒಯ್ಯಿರಿ" ಎಂಬುದೇ ಮೂರೂ ಕಡೆಯ ಉತ್ತರ. ನನ್ನ ಸಿಟ್ಟು ಸೆರಾಮಿಕ್ಕಿನ ಮೇಲಲ್ಲ, ಈ ಉತ್ತರದ ಮೇಲೆ.

ನೀರಿನ ಪಾಲನ್ನೂ ಹೇಳಲೇಬೇಕು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ನೀರಿನ ಗಡಸುತನ, ಅಂದರೆ ಅದರಲ್ಲಿ ಕರಗಿದ ಸುಣ್ಣದಂಥ ಲವಣಗಳ ಪ್ರಮಾಣ, ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲವೆಂದಾಗ 600ರವರೆಗೆ ನಡೆಯುತ್ತದೆ. ತುಂಗಭದ್ರೆಯ ನೀರು ಬಂದ ದಿನ ಸಾಬೂನು ನೊರೆಯೇಳುವುದನ್ನೂ, ಬೋರ್‌ವೆಲ್ ನೀರಿನ ದಿನ ಮೊಸರೊಡೆದಂತಾಗುವುದನ್ನೂ ಕಂಡ ನಮಗೆ ಈ ಅಂಕಿಗಳ ಅರ್ಥ ಕೈಗೇ ಗೊತ್ತು. ನೀರು 600ರದು ಎಂದಿಟ್ಟುಕೊಂಡು, ದಿನಕ್ಕೆ 60 ಲೀಟರ್ ಗೀಸರಿನಲ್ಲಿ ಕಾಯುತ್ತದೆ ಎನ್ನೋಣ. ದಿನಕ್ಕೆ 36 ಗ್ರಾಂ, ವರ್ಷಕ್ಕೆ 13 ಕಿಲೋ ಸುಣ್ಣದ ಲವಣ ಅದರೊಳಗೆ ಹಾದುಹೋಗುತ್ತದೆ. ಬಹುಪಾಲು ಬಕೆಟ್ಟಿಗೆ ಬರುತ್ತದೆ. ನೂರಕ್ಕೆ ಐದರಷ್ಟು ಒಳಗೇ ನಿಂತರೂ 650 ಗ್ರಾಂ. ಸಕ್ಕರೆ ಬಿಸಿನೀರಿನಲ್ಲಿ ಹೆಚ್ಚು ಕರಗುತ್ತದೆ, ಸುಣ್ಣದ ಸ್ವಭಾವ ಅದಕ್ಕೆ ತದ್ವಿರುದ್ಧ. ನೀರು ಎಲ್ಲಿ ಹೆಚ್ಚು ಬಿಸಿಯೋ ಅಲ್ಲಿಯೇ, ಅಂದರೆ ನೀರು ಕಾಯಿಸುವ ಕಾಯಿಲ್ಲಿನ ಮೈಮೇಲೆಯೇ, ಪದರ ಕಟ್ಟುತ್ತದೆ. ಆ ಪದರ ಶಾಖವನ್ನು ನೀರಿಗೆ ಬಿಡುವುದಿಲ್ಲ. ಕಾಯಿಲ್ ತನ್ನ ಬಿಸಿಯಲ್ಲಿ ತಾನೇ ಬೆಂದು ಬಿರಿಯುತ್ತದೆ. ಅಜ್ಜಿಯ ತಾಮ್ರದ ಹಂಡೆಯ ತಳದಲ್ಲಿಯೂ ಇದೇ ಸುಣ್ಣ ಕೂರುತ್ತಿತ್ತು. ಹಂಡೆಯ ಬಾಯಿ ತೆರೆದಿತ್ತು, ಕೈ ಹಾಕಿ ಕೆರೆದು ತೆಗೆಯುತ್ತಿದ್ದರು.

ಈ ಬಿಳಿಕಲೆಯನ್ನು ಹೋಗಲಾಡಿಸಲು ಮನೆಮನೆಯಲ್ಲಿ ಬಳಸುವ ಆಸಿಡ್ ಇನ್ನೊಂದು ಶತ್ರು. ಟೈಲ್ಸ್ ತೊಳೆಯುವ ಆ ಹೈಡ್ರೋಕ್ಲೋರಿಕ್ ಆಮ್ಲ ಸುಣ್ಣವನ್ನು ಕರಗಿಸುವ ಹಾಗೆಯೇ ಕ್ರೋಮಿಯಂ ಲೇಪವನ್ನೂ ಕರಗಿಸುತ್ತದೆ. ಆ ಹೊಳಪಿನ ಲೇಪದ ದಪ್ಪ ಸಾಮಾನ್ಯವಾಗಿ ಅರ್ಧ ಮೈಕ್ರಾನಿಗೂ ಕಡಿಮೆ; ತಲೆಕೂದಲಿನ ನೂರರಲ್ಲೊಂದು ಪಾಲೂ ಇಲ್ಲ. ನಿಜವಾದ ಕಾವಲು ಅದರ ಕೆಳಗಿನ ನಿಕಲ್ ಪದರದ್ದು, ಅಗ್ಗದ ನಳದಲ್ಲಿ ಜಿಪುಣತನ ತೋರುವುದೂ ಅಲ್ಲಿಯೇ. ನಿಂಬೆರಸವನ್ನೋ ವಿನೆಗರನ್ನೋ ಬಟ್ಟೆಗೆ ಹಚ್ಚಿ ಒರೆಸಿ ಕೂಡಲೇ ನೀರಿನಿಂದ ತೊಳೆದರೆ ಸಾಕು. ರಾತ್ರಿಯಿಡೀ ನೆನೆಹಾಕಬಾರದು, ಒಳಗಿರುವುದು ಸತುವಾದರೆ ಅದಕ್ಕೂ ಆಮ್ಲ ಹಿಡಿಯುತ್ತದೆ.

ಹಳೆಯದೆಲ್ಲ ಚಿನ್ನವೆಂದು ನಾನು ವಾದಿಸುವುದಿಲ್ಲ. ಅಪ್ಪನ ಕಾಲದ ಕಬ್ಬಿಣದ ಪೈಪುಗಳನ್ನು ಒಡೆದು ತೆಗೆದಾಗ ಒಳಗೆ ತುಕ್ಕು ಬೆಳೆದು ಕಿರುಬೆರಳೂ ತೂರದಂತಾಗಿತ್ತು. ಇಂದಿನ ಪ್ಲಾಸ್ಟಿಕ್ ಪೈಪು ಅದಕ್ಕಿಂತ ಎಷ್ಟೋ ಮೇಲು. ಹಿತ್ತಾಳೆಯನ್ನು ಲೇತಿನಲ್ಲಿ ಸುಲಭವಾಗಿ ಕಡೆಯಲೆಂದು ನೂರಕ್ಕೆ ಎರಡು ಮೂರು ಪಾಲು ಸೀಸ ಬೆರೆಸುತ್ತಿದ್ದರು, ಈಗಲೂ ಬೆರೆಸುವುದುಂಟು. ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು. ಆದ್ದರಿಂದ ಕುಡಿಯಲು ಹಿಡಿಯುವ ಮುನ್ನ ರಾತ್ರಿಯಿಡೀ ನಳದಲ್ಲಿ ನಿಂತ ನೀರನ್ನು ಬಕೆಟ್ಟಿಗೆ ಬಿಟ್ಟು ಗಿಡಕ್ಕೆ ಹಾಕುವುದು ಒಳ್ಳೆಯದು. ಇನ್ನು, ಅಪ್ಪನ ಕಾಲದಲ್ಲೂ ಕೆಟ್ಟ ನಳಗಳಿದ್ದವು. ಅವು ಎಂದೋ ಗುಜರಿ ಸೇರಿದ್ದರಿಂದ ನಮ್ಮ ಕಣ್ಣಿಗೆ ಬೀಳುವುದು ಉಳಿದ ಗಟ್ಟಿಗರು ಮಾತ್ರ.

ನಮ್ಮ ಜಿಲ್ಲೆಯ ಅತಿ ದೊಡ್ಡ ನಳವೆಂದರೆ ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟು. 1953ರಲ್ಲಿ ಪೂರ್ಣಗೊಂಡ ಅದಕ್ಕೆ 33 ಕ್ರೆಸ್ಟ್ ಗೇಟುಗಳು, ಅಂದರೆ ಅಣೆಕಟ್ಟಿನ ಮೇಲ್ಭಾಗದಿಂದ ನೀರು ಬಿಡುವ ಬಾಗಿಲುಗಳು. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬಿದ್ದ ಹೊತ್ತು. ನಾಲ್ಕು ಜಿಲ್ಲೆಗಳ ರೈತರು ಉಸಿರು ಬಿಗಿಹಿಡಿದಿದ್ದರು. ತಡೆಗೇಟಿನ ತುಂಡುಗಳನ್ನು ಹೊಸದಾಗಿ ತಯಾರಿಸಿ, ಹರಿಯುವ ನೀರಿನಲ್ಲೇ ಒಂದೊಂದಾಗಿ ಇಳಿಸಿ, ಸುಮಾರು ಒಂದು ವಾರದಲ್ಲಿ ಆ ಬಾಯಿಯನ್ನು ಮುಚ್ಚಿದರು. ಎಪ್ಪತ್ತು ವರ್ಷ ದುಡಿದ ಗೇಟನ್ನು ಕಳಪೆಯೆನ್ನಲು ಯಾರಿಗೂ ಬಾಯಿ ಬಾರದು. ಆದರೆ ಗೇಟು ಹೋದ ಮೇಲೆ ಅದರ ಮುಂದೆ ನೀರನ್ನು ತಡೆಯುವ ಇನ್ನೊಂದು ಬಾಗಿಲು ತಯಾರಿರಲಿಲ್ಲ. ಬಚ್ಚಲಿನಲ್ಲಿ ನೆನೆದು ನಿಂತ ಆ ಬೆಳಿಗ್ಗೆ ನನಗೆ ನೆನಪಾದದ್ದು ಆ ಗೇಟು. ನಮ್ಮ ಮನೆಯಲ್ಲೂ ಬಚ್ಚಲಿಗೊಂದು, ಅಡುಗೆಮನೆಗೊಂದು ತಡೆವಾಲ್ವ್ ಇರಲಿಲ್ಲ. ಮನೆ ಕಟ್ಟಿಸುವಾಗ ಗ್ರಾನೈಟಿಗೆ ಸುರಿದ ಹಣದಲ್ಲಿ ಒಂದಿಷ್ಟನ್ನು ಅದಕ್ಕೆ ಎತ್ತಿಡಬಹುದಿತ್ತು.

ಈಗ ಹಾಕಿಸಿದ್ದೇನೆ, ಎರಡೂ ಕಡೆ. ತಿಂಗಳ ಮೊದಲ ಭಾನುವಾರ ಎಲ್ಲ ವಾಲ್ವ್‌ಗಳನ್ನೂ ಒಮ್ಮೆ ಮುಚ್ಚಿ ತೆರೆಯುತ್ತೇನೆ, ಸುಣ್ಣ ಹಿಡಿದು ಬಿಗಿಯದಿರಲೆಂದು. ಬಚ್ಚಲಿಗೆ ತಂದದ್ದು ಐಎಸ್ 781ರ ಗುರುತಿರುವ ತಿರುಪಿನ ಹಿತ್ತಾಳೆ ನಳ. ಆ ಮಾನಕ ಲೋಹ ಯಾವುದಿರಬೇಕೆಂಬುದರ ಜೊತೆಗೆ ನಳದ ತೂಕವೆಷ್ಟಿರಬೇಕೆಂದೂ ಹೇಳುತ್ತದೆ. ಅಂಗಡಿಯವರಿಗೆ ಹೇಳಿ ತಕ್ಕಡಿಯಲ್ಲಿಟ್ಟು ತೂಗಿಸಿಯೇ ತಂದೆ. ಅವರು ಬೇಸರಿಸಲಿಲ್ಲ, ಜೊತೆಗೆ ಆರು ವಾಷರ್ ಕೊಟ್ಟರು.

ಕಳೆದ ತಿಂಗಳು ಅದೇ ಪ್ಲಂಬರನ್ನು ಕರೆಸಿ, ಕರೆಂಟ್ ತೆಗೆದು, ಗೀಸರಿನ ತಳ ಬಿಚ್ಚಿಸಿದೆ. ಉಕ್ಕಿನ ಟ್ಯಾಂಕಿನ ಗೀಸರಿನೊಳಗೆ ಮೆಗ್ನೀಸಿಯಂನ ಒಂದು ಸರಳಿರುತ್ತದೆ. 1824ರಲ್ಲಿ ಇಂಗ್ಲೆಂಡಿನ ರಸಾಯನವಿಜ್ಞಾನಿ ಹಂಫ್ರಿ ಡೇವಿ ಹಡಗುಗಳ ತಾಮ್ರದ ತಗಡಿಗೆ ಸತುವಿನ, ಕಬ್ಬಿಣದ ತುಣುಕುಗಳನ್ನು ತಾಗಿಸಿ ತಗಡನ್ನು ಸಮುದ್ರದ ನೀರಿನಿಂದ ಉಳಿಸಿದ್ದರು. ಅದೇ ಉಪಾಯ ಇಲ್ಲಿ ದುಡಿಯುತ್ತದೆ. ಉಕ್ಕಿನ ಬದಲು ತಾನು ಕರಗುವುದೊಂದೇ ಸರಳಿನ ಕೆಲಸ. ವರ್ಷ ಎರಡು ವರ್ಷಕ್ಕೊಮ್ಮೆ ನೋಡಿ ಬದಲಿಸಬೇಕಾದ ಅದನ್ನು ನಾನು ಐದು ವರ್ಷ ಕೇಳಿಯೇ ಇರಲಿಲ್ಲ. ಹೊರಬಂದದ್ದು ಸುಣ್ಣದ ಹೆಂಟೆಗಳ ನಡುವೆ ಒಂದು ಕೊಂಕು ತಂತಿ. ಹೆಬ್ಬೆರಳಿನಷ್ಟು ದಪ್ಪವಿದ್ದ ಸರಳಿನಲ್ಲಿ ಉಳಿದಿದ್ದದ್ದು ಅದರ ನಡುವಿನ ಉಕ್ಕಿನ ಎಳೆ ಮಾತ್ರ. ಪ್ಲಂಬರ್ ಟಾರ್ಚ್ ಹಿಡಿದು ಟ್ಯಾಂಕಿನೊಳಗೆ ಬಹಳ ಹೊತ್ತು ನೋಡಿದರು. ಬೆಸುಗೆಯ ಹತ್ತಿರ ಉಗುರಿನಷ್ಟು ಅಗಲದ ಕೆಂಪು ಚುಕ್ಕೆಯೊಂದು ಆಗಷ್ಟೇ ಮೂಡಿತ್ತು. "ಇನ್ನೂ ತೂತು ಬಿದ್ದಿಲ್ಲ ಅಕ್ಕ" ಎಂದು ಹೇಳಿ ಹೊಸ ಸರಳನ್ನು ತಿರುಗಿಸಿ ಕೂರಿಸಿದರು. ಗೀಸರಿನ ಮೈಮೇಲೆ ಮಾರ್ಕರ್ ಪೆನ್ನಿನಿಂದ ಅಂದಿನ ತಾರೀಖು ಬರೆದಿಟ್ಟಿದ್ದೇನೆ.