ಸವೆದ ಟೈರು, ಸತ್ತ ಮೀನು

ಗಾಡಿಯ ಟೈರ್ ಬೋಳಾಯಿತು ಅಂತ ಹೊಸದು ಹಾಕಿಸುತ್ತೇವೆ. ಸವೆದು ಹೋದ ರಬ್ಬರ್ ಎಲ್ಲಿಗೆ ಹೋಯಿತು ಅಂತ ಯಾರೂ ಕೇಳುವುದಿಲ್ಲ. ರಸ್ತೆ ಮೇಲೆ ಪುಡಿಯಾಗಿ ಬಿದ್ದಿರುತ್ತದೆ. ಮಳೆ ಬಂದರೆ ಚರಂಡಿಗೆ, ಅಲ್ಲಿಂದ ಹಳ್ಳಕ್ಕೆ.

ಅಮೆರಿಕದ ಸಿಯಾಟಲ್ ಸುತ್ತಮುತ್ತಲಿನ ಹಳ್ಳಗಳಿಗೆ ಕೋಹೋ ಅನ್ನುವ ಸಾಲ್ಮನ್ ಮೀನು ಬರುತ್ತದೆ. ಹಳ್ಳದಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಮೊಟ್ಟೆ ಇಡುವ ಹೊತ್ತಿಗೆ ಮತ್ತೆ ಹುಟ್ಟಿದ ನೀರಿಗೇ ವಾಪಸ್, ಹೆರಿಗೆಗೆ ತವರಿಗೆ ಬಂದ ಹಾಗೆ. ಆದರೆ ಜೋರು ಮಳೆ ಬಂದು ರಸ್ತೆಯ ನೀರು ಹಳ್ಳಕ್ಕೆ ಇಳಿಯಿತೋ, ಆ ಮೀನು ನೀರಿನ ಮೇಲಕ್ಕೆ ಬಂದು ಬಾಯಿ ಬಿಡುತ್ತದೆ, ಇದ್ದಲ್ಲೇ ಸುತ್ತುತ್ತದೆ, ಆಯ ತಪ್ಪಿ ಮಗುಚಿಕೊಳ್ಳುತ್ತದೆ, ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಹೊಟ್ಟೆ ಸೀಳಿ ನೋಡಿದರೆ ಮೊಟ್ಟೆಗಳೆಲ್ಲ ಹಾಗೇ ಇರುತ್ತವೆ. ಕೆಲವು ಹಳ್ಳಗಳಲ್ಲಿ ಬಂದ ಮೀನಿನಲ್ಲಿ ಶೇ. 40ರಿಂದ 90ರಷ್ಟು ಹೀಗೇ ಹೋಗುತ್ತಿದ್ದವು. ಓದಿದಾಗ ನನಗೆ ತುಂಬಾ ಸಂಕಟವಾಯಿತು.

ಕಾರಣ ಹುಡುಕಲು ವರ್ಷಗಳೇ ಹಿಡಿದವು. ಟೈರ್ ಚೂರು ನೆನೆಸಿದ ನೀರಿಗೆ ಬಿಟ್ಟರೂ ಮೀನು ಸತ್ತವು. ಆದರೆ ಆ ನೀರಿನಲ್ಲಿ 2,000ಕ್ಕೂ ಜಾಸ್ತಿ ರಾಸಾಯನಿಕಗಳು! ವಿಜ್ಞಾನಿಗಳಾದ ಝೆನ್ಯು ಟಿಯಾನ್, ಎಡ್ವರ್ಡ್ ಕೊಲೋಜೀ, ಜೆನಿಫರ್ ಮೆಕಿಂಟೈರ್ ಮತ್ತು ಜೊತೆಗಾರರು ಆ ನೀರನ್ನು ಪಾಲು ಪಾಲಾಗಿ ಬೇರ್ಪಡಿಸಿ, ಯಾವ ಪಾಲಿನಲ್ಲಿ ಮೀನು ಸಾಯುತ್ತದೋ ಅದನ್ನು ಮತ್ತೆ ಒಡೆಯುತ್ತಾ ಹೋದರು. ಕೊನೆಗೆ ಒಂದೇ ಒಂದು ಸಿಕ್ಕಿತು: 6ಪಿಪಿಡಿ-ಕ್ವಿನೋನ್. 2020ರ ಡಿಸೆಂಬರ್‌ನಲ್ಲಿ ಸುದ್ದಿ ಹೊರಬಂತು.

ಇದನ್ನು ಟೈರ್‌ಗೆ ಯಾರೂ ಹಾಕಿದ್ದಲ್ಲ. ಹಾಕುವುದು 6ಪಿಪಿಡಿ. ಗಾಳಿಯಲ್ಲಿರುವ ಓಝೋನ್ ತಾಗಿದರೆ ರಬ್ಬರ್ ಬಿರುಕು ಬಿಡುತ್ತದೆ ಅಲ್ವಾ, ಅದನ್ನು ತಡೆಯಲು. ಈ ಪದಾರ್ಥ ರಬ್ಬರ್‌ಗಿಂತ ಮುಂಚೆ ತಾನೇ ಓಝೋನ್ ಜೊತೆ ಸೇರಿ ಟೈರನ್ನು ಕಾಪಾಡುತ್ತದೆ, ಹಾಗೆ ಸೇರಿದಾಗಲೇ ಈ ವಿಷ ಹುಟ್ಟುತ್ತದೆ. ಒಂದು ಗ್ರಾಂ ವಿಷವನ್ನು ನೂರು ಕೋಟಿ ಪಾಲು ಮಾಡಿ, ಅದರಲ್ಲಿ ಬರೀ 95 ಪಾಲು ಒಂದು ಲೀಟರ್ ನೀರಿನಲ್ಲಿದ್ದರೆ ಸಾಕು, ಕೋಹೋ ಮರಿಗಳಲ್ಲಿ ಅರ್ಧದಷ್ಟು ಸಾಯುತ್ತವೆ. ಅದೇ ಜಾತಿಗೆ ಹತ್ತಿರದ ಚಮ್ ಸಾಲ್ಮನ್‌ಗೆ ಮಾತ್ರ ಏನೂ ಆಗುವುದಿಲ್ಲ.

ಹೊಗೆ ಬಿಡದ ಎಲೆಕ್ಟ್ರಿಕ್ ಕಾರಿಗೂ ಟೈರ್ ಬೇಕೇ ಬೇಕು, ಬ್ಯಾಟರಿ ಭಾರ ಬೇರೆ. ಹಾಗಂತ 6ಪಿಪಿಡಿ ಸುಮ್ನೆ ತೆಗೆದುಬಿಟ್ಟರೆ ಟೈರ್ ಬಿರಿಯುತ್ತದೆ, ಜನರ ಜೀವದ ಪ್ರಶ್ನೆ. ಸಾಲ್ಮನ್ ನಂಬಿ ಬದುಕುವ ಅಲ್ಲಿನ ಮೂಲನಿವಾಸಿ ಬುಡಕಟ್ಟುಗಳು ಟೈರ್‌ಗೆ 6ಪಿಪಿಡಿ ಹಾಕುವುದನ್ನೇ ನಿಷೇಧಿಸಬೇಕು ಅಂತ 2023ರಲ್ಲಿ ಸರ್ಕಾರಕ್ಕೆ ಅರ್ಜಿ ಕೊಟ್ಟವು. ನ್ಯಾಯವಾದ ಬೇಡಿಕೆ.

ಬದಲಿ ಸಿಗುವವರೆಗೂ ಕೈಕಟ್ಟಿ ಕೂರಬೇಕಿಲ್ಲ. ರಸ್ತೆಯಿಂದ ಹರಿದು ಬಂದ ಅದೇ ನೀರನ್ನು ಮರಳು, ಕಾಂಪೋಸ್ಟ್ ಗೊಬ್ಬರ ಬೆರೆಸಿದ ಮಣ್ಣಿನ ಮೂಲಕ ಸೋಸಿ ಕೋಹೋ ಮೀನು ಬಿಟ್ಟು ನೋಡಿದ್ದಾರೆ. ಅವು ಬದುಕಿದವು.