ಮರದ ಮನೆಯ ಆ ಒಂದು ತಣ್ಣನೆಯ ಕೋಣೆ

ಚಳಿಗಾಲದಲ್ಲಿ ಜೋರು ಗಾಳಿ ಬೀಸುವ ದಿನ ನೋಡಿಕೊಂಡು, ಮನೆಯಲ್ಲಿ ಎಷ್ಟು ಹೀಟರ್ ಹಾಕಿದರೂ ಬೆಚ್ಚಗಾಗದ ಆ ಕೋಣೆಗೆ ಹೋಗಿ. ಹೊರಗೋಡೆಯ ಸಾಕೆಟ್ ಮುಂದೆ ಒಂದು ಊದುಬತ್ತಿ ಹಚ್ಚಿ ಹಿಡಿಯಿರಿ. ಹೊಗೆ ನೆಟ್ಟಗೆ ಮೇಲೇರಬೇಕು. ಅದು ತಟ್ಟನೆ ನಿಮ್ಮ ಕಡೆ ಬಾಗಿದರೆ, ಗೋಡೆಯೊಳಗಿಂದ ಗಾಳಿ ಬರುತ್ತಿದೆ. ಮರದ ಚೌಕಟ್ಟಿನ ಮನೆಗಳಲ್ಲಿ ಚಳಿ ನುಗ್ಗುವ ದಾರಿ ಎಷ್ಟೋ ಸಲ ಇದೇ.

ಇಂಥ ಮನೆಯ ಗೋಡೆ ಪದರ ಪದರವಾಗಿರುತ್ತದೆ. ಒಳಗಡೆ ಜಿಪ್ಸಮ್ ಬೋರ್ಡ್. ಅದರ ಹಿಂದೆ ನೀರಾವಿ ತಡೆಯುವ ಪ್ಲಾಸ್ಟಿಕ್ ಹಾಳೆ. ಆಮೇಲೆ ಮರದ ಕಂಬಗಳ ಸಾಲು, ಕಂಬಗಳ ನಡುವೆ ಗ್ಲಾಸ್ ವುಲ್, ಅಂದರೆ ಗಾಜಿನ ಸಣ್ಣ ಎಳೆಗಳಿಂದ ಮಾಡಿದ ಉಣ್ಣೆಯಂಥ ಹಾಸು. ಅದರಾಚೆ ಹಲಗೆ, ಹಲಗೆಯ ಮೇಲೆ ಮಳೆ ತಡೆಯುವ ಹಾಳೆ, ಕೊನೆಗೆ ಹೊರಗಿನ ಹೊದಿಕೆ. ಈ ಹೊದಿಕೆಯ ಹಿಂದೆ ಒಂದಿಷ್ಟು ಜಾಗವನ್ನು ಬೇಕೆಂದೇ ಖಾಲಿ ಬಿಡುತ್ತಾರೆ. (ಇದು ಚಳಿ ಪ್ರದೇಶದ ಜೋಡಣೆ. ಸೆಕೆ ಜಾಸ್ತಿ ಇರುವ ಕಡೆ ಆವಿ ತಡೆಯುವ ಹಾಳೆಯ ಲೆಕ್ಕವೇ ಬೇರೆ.)

ಇಲ್ಲಿ ಬೆಚ್ಚಗಿಡುವುದು ಯಾವುದು? ಗ್ಲಾಸ್ ವುಲ್ ಅಲ್ವಾ ಅನ್ನಿಸುತ್ತದೆ. ನಿಜವಾಗಿ ಆ ಕೆಲಸ ಮಾಡುವುದು ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಅಲುಗಾಡದ ಗಾಳಿ ಶಾಖವನ್ನು ಬಹಳ ನಿಧಾನವಾಗಿ ಸಾಗಿಸುತ್ತದೆ. ಅದರ ಶಾಖವಾಹಕತೆ (ಅಂಕಿ ಕಡಿಮೆಯಾದಷ್ಟೂ ಶಾಖ ನಿಧಾನವಾಗಿ ಸಾಗುತ್ತದೆ) ಮೀಟರ್‌ಗೆ, ಪ್ರತಿ ಡಿಗ್ರಿಗೆ ಸುಮಾರು 0.025 ವ್ಯಾಟ್. ಗ್ಲಾಸ್ ವುಲ್‌ದು ಸುಮಾರು 0.04, ಕಂಬದ ಮರದ್ದು 0.13ರ ಆಸುಪಾಸು. ಎಳೆಗಳ ಕೆಲಸ ಗಾಳಿಯನ್ನು ಕದಲದಂತೆ ಹಿಡಿದಿಡುವುದು, ಅಷ್ಟೇ. ಗಾಳಿ ಕದಲಿತೋ, ಕೆಲಸ ಕೆಟ್ಟಿತು. ಸ್ವೆಟರ್ ಹಾಕಿಕೊಂಡು ಬೈಕಿನಲ್ಲಿ ಹೋದವರಿಗೆ ಇದು ಗೊತ್ತು. ನಿಂತಾಗ ಬೆಚ್ಚಗಿದ್ದ ಸ್ವೆಟರ್, ಗಾಡಿ ಓಡಿದೊಡನೆ ಹಾಕಿಯೇ ಇಲ್ಲವೇನೋ ಅನ್ನಿಸುತ್ತದೆ. ಅದರ ಮೇಲೊಂದು ತೆಳು ಜರ್ಕಿನ್ ಹಾಕಿದರೆ ಸಾಕು, ಸ್ವೆಟರ್ ಮತ್ತೆ ಕೆಲಸ ಶುರು ಮಾಡುತ್ತದೆ.

ಒಂದು ಸಣ್ಣ ಲೆಕ್ಕ ಹಾಕೋಣ. ಕೋಣೆ 4 ಮೀಟರ್ ಉದ್ದ, 3 ಮೀಟರ್ ಅಗಲ, 2.5 ಮೀಟರ್ ಎತ್ತರ. ಅಂದರೆ 30 ಘನ ಮೀಟರ್ ಗಾಳಿ. ಒಳಗೆ 20 ಡಿಗ್ರಿ, ಹೊರಗೆ 0. ಉದ್ದದ ಗೋಡೆಯೊಂದೇ ಹೊರಗೋಡೆ, 10 ಚದರ ಮೀಟರ್. ಅದು ಚದರ ಮೀಟರ್‌ಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 0.3 ವ್ಯಾಟ್ ಶಾಖ ಬಿಡುತ್ತದೆ ಅಂದುಕೊಳ್ಳಿ. ಗೋಡೆಯಿಂದ ಹೋಗುವುದು 60 ವ್ಯಾಟ್. ಈಗ ಸಂದಿಗಳಿಂದ ಗಾಳಿ ನುಗ್ಗಿ, ಗಂಟೆಗೊಮ್ಮೆ ಕೋಣೆಯ ಗಾಳಿಯೆಲ್ಲ ಬದಲಾಗುತ್ತಿದೆ ಅನ್ನೋಣ. ಒಂದು ಘನ ಮೀಟರ್ ಗಾಳಿಯನ್ನು 1 ಡಿಗ್ರಿ ಬಿಸಿ ಮಾಡಲು ಸುಮಾರು 1.2 ಕಿಲೋಜೂಲ್ ಬೇಕು. ಗುಣಿಸಿ ನೋಡಿದರೆ, ಆ ಗಾಳಿಯನ್ನು ಬಿಸಿ ಮಾಡುವುದಕ್ಕೇ 200 ವ್ಯಾಟ್! ಗೋಡೆಯ ಮೂರು ಪಟ್ಟಿಗೂ ಜಾಸ್ತಿ. ದೊಡ್ಡ ಹೀಟರ್ ತರುವ ಮೊದಲು, ಇನ್ನೊಂದು ಪದರ ಇನ್ಸುಲೇಷನ್ (ಗ್ಲಾಸ್ ವುಲ್‌ನಂಥ ಶಾಖ ತಡೆಯುವ ಪದರ) ಹಾಕುವ ಮೊದಲು, ಗಾಳಿಯ ದಾರಿ ಹುಡುಕಿ ಅಂತ ನಾನು ಹೇಳುವುದು ಇದಕ್ಕೇ.

ದಾರಿ ಎಲ್ಲೆಲ್ಲಿ ಇರುತ್ತದೆ? ಬೆಚ್ಚನೆಯ ಗಾಳಿ ಹಗುರ. ಅದು ಮೇಲೇರಿ ಮಹಡಿಯ ಸಂದಿಗಳಿಂದ ಹೊರಗೆ ಹೋಗುತ್ತದೆ. ಆ ಖಾಲಿ ತುಂಬಲು ಕೆಳಗಿನ ಸಂದಿಗಳಿಂದ ತಣ್ಣನೆಯ ಗಾಳಿ ಒಳಗೆ ಬರುತ್ತದೆ. ಹಾಗಾಗಿ ಮಹಡಿಯ ಸಾಕೆಟ್ ಹೊಗೆಯನ್ನು ಒಳಕ್ಕೆ ಎಳೆದುಕೊಂಡರೂ ಆಶ್ಚರ್ಯವಿಲ್ಲ. ನೆಲ ಮತ್ತು ಗೋಡೆ ಸೇರುವ ಸ್ಕರ್ಟಿಂಗ್ ಅಂಚು, ಕಿಟಕಿ ಚೌಕಟ್ಟಿನ ಸುತ್ತ, ಪೈಪ್ ಹಾದುಹೋದ ತೂತು, ಗೋಡೆಗೆ ಹೊಂದಿಸಿದ ಕಪಾಟಿನ ಹಿಂಬದಿ, ಎಲ್ಲ ಕಡೆಯೂ ಹೊಗೆ ಹಿಡಿದು ನೋಡಿ. ಮೇನ್ ಸ್ವಿಚ್ ಆರಿಸಿ ಸಾಕೆಟ್‌ನ ಮುಚ್ಚಳ ಬಿಚ್ಚಿದರೆ ಇನ್ನೊಂದು ಗುರುತು ಸಿಗಬಹುದು. ಪಕ್ಕದ ಗ್ಲಾಸ್ ವುಲ್ ಒಂದು ಕಡೆ ಮಾತ್ರ ಕಪ್ಪಾಗಿರುತ್ತದೆ. ಎಷ್ಟೋ ಸಲ ಅದನ್ನು ಬೂಷ್ಟು ಅಂದುಕೊಳ್ಳುತ್ತಾರೆ. ಬಹುಪಾಲು ಅದು ಧೂಳು. ವರ್ಷಗಟ್ಟಲೆ ಅದರ ಮೂಲಕ ಗಾಳಿ ಹಾದುಹೋಗಿದೆ, ಎಳೆಗಳು ಧೂಳನ್ನು ಸೋಸಿ ಹಿಡಿದಿವೆ.

ಸಂದಿ ಮುಚ್ಚುವುದು ಒಳಗಿನಿಂದಲೇ. ಸ್ಕರ್ಟಿಂಗ್ ಅಂಚಿಗೆ ಬಿರುಕು ಬಿಡದ, ಎಳೆದರೆ ಹಿಗ್ಗುವ ಸೀಲಂಟ್ (ಸಂದಿ ತುಂಬುವ ಅಂಟು). ಆವಿ ತಡೆಯುವ ಹಾಳೆ ಹರಿದಿದ್ದರೆ ಅದಕ್ಕೆಂದೇ ಇರುವ ಟೇಪ್. ಸಾಕೆಟ್‌ಗೆ ಗಾಳಿ ಸೋರದ ಪೆಟ್ಟಿಗೆ. ಹೊರಗಿನ ಹೊದಿಕೆಯ ಹಿಂದಿನ ಖಾಲಿ ಜಾಗವನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ. ಅಲ್ಲಿ ಫೋಮ್ ತುಂಬಿದರೆ ಬೆಚ್ಚಗಾಗುತ್ತದೆ ಅಂತ ಆಸೆಯಾಗುವುದು ಸಹಜ. ಆದರೆ ಒಳಬಂದ ಮಳೆನೀರು ಇಳಿದುಹೋಗಲು, ಮರ ಒಣಗಲು ಇರುವ ಜಾಗ ಅದು. 20 ಡಿಗ್ರಿಯ, ಶೇ. 50 ತೇವ ಇರುವ ಗಾಳಿ ಸುಮಾರು 9 ಡಿಗ್ರಿಗೆ ತಣಿದರೆ ಸಾಕು, ನೀರು ಹನಿಯಲು ಶುರುವಾಗುತ್ತದೆ. ಗೋಡೆಯೊಳಗೆ ಸೋರಿದ ಮನೆಯ ಗಾಳಿ ಹೊರಗಿನ ತಣ್ಣನೆಯ ಹಲಗೆಗೆ ತಾಗಿದಾಗ ಆಗುವುದೂ ಇದೇ. ಮರದ ತೇವ ಶೇ. 20 ದಾಟಿ ಹಾಗೇ ಉಳಿದರೆ ಶಿಲೀಂಧ್ರ ಹಿಡಿದು ಕೊಳೆಯುವ ಅಪಾಯ. ಒಳಗಿನ ಸಂದಿ ಮುಚ್ಚಿದರೆ ಚಳಿಯ ಜೊತೆ ಈ ಭಯವೂ ಕಡಿಮೆಯಾಗುತ್ತದೆ. ಉಸಿರಾಟಕ್ಕೆ, ಒಲೆಗೆ ಅಂತ ಇಟ್ಟಿರುವ ಗಾಳಿಕಿಂಡಿಗಳನ್ನು ಮಾತ್ರ ಮುಚ್ಚಲೇಬಾರದು. ಬೆಂಕಿಗೆ ಗಾಳಿ ಸಾಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದು ಜೀವ ತೆಗೆಯುವ ಅನಿಲ.

ಹೊಗೆ ಎಲ್ಲೂ ಬಾಗುತ್ತಿಲ್ಲ, ಥರ್ಮಾಮೀಟರ್ 20 ತೋರಿಸುತ್ತಿದೆ, ಆದರೂ ಚಳಿ ಅನ್ನಿಸುತ್ತಿದೆಯೇ? ಹಾಗಾದರೆ ಗೋಡೆಯೇ ತಣ್ಣಗಿದೆ. ನಮ್ಮ ಮೈ ಸುತ್ತಲಿನ ಗೋಡೆಗಳ ಕಡೆ ಸದಾ ಶಾಖ ಸೂಸುತ್ತಿರುತ್ತದೆ. ತಣ್ಣನೆಯ ಗೋಡೆಯಿಂದ ಮರಳಿ ಬರುವುದು ಕಡಿಮೆ. ಗಾಳಿ 20, ಸುತ್ತಲಿನ ಗೋಡೆ, ನೆಲ, ಚಾವಣಿಗಳ ಮೇಲ್ಮೈ 14 ಡಿಗ್ರಿ ಇದ್ದರೆ ನಮಗೆ ಅದು ಸುಮಾರು 17ರ ಕೋಣೆ. ಇಲ್ಲಿ ಥರ್ಮಲ್ ಕ್ಯಾಮೆರಾ, ಅಂದರೆ ಬಿಸಿ-ತಣ್ಣಗಿನ ವ್ಯತ್ಯಾಸವನ್ನು ಚಿತ್ರವಾಗಿ ತೋರಿಸುವ ಕ್ಯಾಮೆರಾ ಬೇಕಾಗುತ್ತದೆ. ಒಳಗೂ ಹೊರಗೂ 10 ಡಿಗ್ರಿಯಾದರೂ ವ್ಯತ್ಯಾಸ ಇರುವ ದಿನ ನೋಡಿದರೆ ಕಂಬಗಳು ತೆಳು ಪಟ್ಟಿಗಳಾಗಿ ಕಾಣುತ್ತವೆ. ಅದು ಮಾಮೂಲು. ಎರಡು ಕಂಬಗಳ ನಡುವಿನ ಜಾಗ ಪೂರ್ತಿ ತಣ್ಣಗೆ ಕಂಡರೆ ಅಲ್ಲಿ ಗ್ಲಾಸ್ ವುಲ್ ಜಾರಿದೆ, ಇಲ್ಲವೇ ಹಾಕುವುದನ್ನೇ ಮರೆತಿದ್ದಾರೆ.

ಕೋಣೆ ಗ್ಯಾರೇಜಿನ ಮೇಲಿದ್ದರೆ ನೆಲವನ್ನೇ ಮೊದಲು ಅನುಮಾನಿಸಿ. ತೊಲೆಗಳ ನಡುವೆ ಇಟ್ಟ ಗ್ಲಾಸ್ ವುಲ್ ಕಾಲ ಕಳೆದಂತೆ ಕೆಳಗೆ ಜೋತುಬೀಳುತ್ತದೆ. ಅದಕ್ಕೂ ನೆಲದ ಹಲಗೆಗೂ ನಡುವೆ ನಾಲ್ಕು ಬೆರಳಿನ ಸಂದಿ ಬಿದ್ದರೂ ಸಾಕು, ತಣ್ಣನೆಯ ಗಾಳಿ ಅಲ್ಲೇ ಓಡಾಡುತ್ತದೆ. ಕೆಳಗೆ ಎಷ್ಟು ದಪ್ಪ ಇನ್ಸುಲೇಷನ್ ಇದ್ದೂ ಪ್ರಯೋಜನವಿಲ್ಲ. ಅದನ್ನು ನೆಲದ ಹಲಗೆಗೆ ಅಂಟುವಂತೆ ಮೇಲೆತ್ತಿ, ಬೀಳದಂತೆ ಆಧಾರ ಕೊಡಬೇಕು. ತೊಲೆಗಳ ತುದಿಯಲ್ಲಿ ಗಾಳಿ ನುಗ್ಗುವ ಬಾಯಿಗಳಿಗೆ ಅಳತೆಗೆ ಕತ್ತರಿಸಿದ ಹಲಗೆ ತುಂಡು ಕೂರಿಸಿ, ಸುತ್ತ ಸೀಲಂಟ್ ಹಚ್ಚಬೇಕು.